ಮೈಸೂರು ಇನ್ಲೇಯಲ್ಲಿ ಯುದ್ಧನೌಕೆ ಮಾಡಿಸಬಹುದಾ? ನಾಲ್ಕು ‘ಈಗಲ್’ ಮಾಡಿಸಿದ ಮೇಲೆ ಬರೆಯುತ್ತಿರುವುದು

ಮಾಡಿಸಬಹುದು. ಆದರೆ ಎಲ್ಲ ಹಡಗೂ ಆ ಕೆಲಸಕ್ಕೆ ಒಗ್ಗುವುದಿಲ್ಲ. ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ಮೊದಲೇ ತಿಳಿದುಕೊಂಡು ಹೋದರೆ ದುಡ್ಡು ದಂಡ ಆಗುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್ಲೇ, ಅಂದರೆ ಬೀಟೆ ಹಲಗೆಯೊಳಗೆ ಬೇರೆ ಬೇರೆ ಬಣ್ಣದ ಮರದ ತುಂಡು ಕೂರಿಸಿ ಚಿತ್ರ ಮಾಡುವ ಕೆಲಸ, ನಡೆಯುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾಲ್ಕು ಹಲಗೆ ಮಾಡಿಸಿದೆ. ಒಂದೊಂದೂ ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ನಾಲ್ಕರಲ್ಲೂ ಹಡಗು, ನಾಲ್ಕಕ್ಕೂ ಒಂದೇ ಹೆಸರು, ಈಗಲ್. ನಮ್ಮ ಭಾವನವರು ನೌಕಾಪಡೆಯಿಂದ ನಿವೃತ್ತರಾದವರು, ಕೊಚ್ಚಿಯ ಐಎನ್‌ಎಸ್ ಗರುಡದಲ್ಲಿ ತುಂಬಾ ವರ್ಷ ಇದ್ದರು. ಅದು ಹಡಗಲ್ಲ, 1953ರಲ್ಲಿ ಶುರುವಾದ ನೌಕಾಪಡೆಯ ವಿಮಾನ ನೆಲೆ. ನಮ್ಮ ನೌಕಾಪಡೆ ಇಂಥ ನೆಲೆಗಳಿಗೆ ಹಕ್ಕಿಗಳ ಹೆಸರಿಡುತ್ತದೆ, ಅದರಲ್ಲೂ ಬೇಟೆ ಹಕ್ಕಿಗಳದ್ದೇ ಜಾಸ್ತಿ. ಮುಂಬೈಯಲ್ಲಿ ಶಿಕ್ರಾ, ಅರಕ್ಕೋಣಂನಲ್ಲಿ ರಾಜಾಳಿ, ನಿಕೋಬಾರಿನ ಕ್ಯಾಂಪ್‌ಬೆಲ್ ಬೇಯಲ್ಲಿ ಬಾಜ್. ಬ್ರಿಟಿಷ್ ನೌಕಾಪಡೆಯಲ್ಲಾದರೆ ಈಗಲ್, ಅಂದರೆ ಹದ್ದು, ಅನ್ನೋ ಹೆಸರು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದಾದ ಮೇಲೊಂದು ಹಡಗಿಗೆ ಬಂದಿದೆ. ಭಾವನವರಿಗೆ ಆ ಪಟ್ಟಿ ಬಾಯಿಪಾಠ. ಅವರ ಷಷ್ಟಿಪೂರ್ತಿಗೆ ಶಾಲು, ಫಲತಾಂಬೂಲ ಕೊಡುವವರು ಬೇಕಾದಷ್ಟು ಜನ ಇದ್ದರು. ನಾನು ಇದನ್ನು ಮಾಡಿಸೋಣ ಅಂದುಕೊಂಡೆ.

ರೆಡಿ ಹಲಗೆ ಬೇಕು ಅಂದರೆ ಇಷ್ಟೆಲ್ಲ ಓಡಾಟ ಬೇಡ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂಗೆ ಹೋದರೆ ಜಂಬೂಸವಾರಿ, ಗೀತೋಪದೇಶ, ಆನೆ, ಹಳ್ಳಿ ದೃಶ್ಯ ಎಲ್ಲ ಸಿಗುತ್ತವೆ. ಹಡಗು ಸಿಗುವುದಿಲ್ಲ. ಅದಕ್ಕೆ ಕೆಲಸಗಾರರ ಹತ್ತಿರವೇ ಹೋಗಬೇಕು, ಚಿತ್ರ ನೀವೇ ಕೊಡಬೇಕು.

ನಾನು ಹೋದ ಜಾಗದಲ್ಲಿ ಬೋರ್ಡು ಕೂಡ ಸರಿಯಾಗಿ ಕಾಣುವುದಿಲ್ಲ. ಒಳಗೆ ಹೋದರೆ ನೆಲದ ಮೇಲೆ ಮರದ ಪುಡಿ, ಗೋಡೆಗೆ ಒರಗಿಸಿದ ಹಲಗೆಗಳು, ಕಿಟಕಿ ಬೆಳಕಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಮೂವರು ಕೆಲಸಗಾರರು. ದೊಡ್ಡವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅವರ ತಂದೆ ಕಾಲದಲ್ಲಿ ಬಿಳಿ ಬಣ್ಣಕ್ಕೆ ಆನೆ ದಂತ ಹಾಕುತ್ತಿದ್ದರಂತೆ. ಅರಮನೆಯ ಅಂಬಾವಿಲಾಸದ ಬಾಗಿಲು ನೋಡಿದವರಿಗೆ ಅದರ ಅಂದ ಗೊತ್ತಿರುತ್ತದೆ. ಈಗ ದಂತಕ್ಕೆ ಕಾನೂನಿನ ನಿಷೇಧ ಇದೆ, ಇರಲೇಬೇಕು ಕೂಡ. ಬಿಳಿಗೆ ಈಗ ಪ್ಲಾಸ್ಟಿಕ್ ಹಾಳೆ ಇಲ್ಲವೇ ಬಿಳಿಚು ಮರ, ಹಳದಿಗೆ ಹಲಸು, ಸ್ವಲ್ಪ ಹಸಿರು ಛಾಯೆ ಬೇಕಾದ ಕಡೆ ಸಂಪಿಗೆ ಹಾಕುತ್ತಾರೆ. ಮರಕ್ಕೆ ಬಣ್ಣ ಬಳಿಯುವುದಿಲ್ಲ, ಮರದ ಬಣ್ಣವೇ ಚಿತ್ರದ ಬಣ್ಣ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ಯಾವ ಈಗಲ್ ಅಂತ ಆರಿಸುವುದೇ ಕಷ್ಟವಾಯಿತು. 1707ರಲ್ಲಿ ಇಂಗ್ಲೆಂಡಿನ ಸಿಲಿ ದ್ವೀಪಗಳ ಬಂಡೆಗೆ ಬಡಿದು ಎಲ್ಲರ ಸಮೇತ ಮುಳುಗಿದ ಈಗಲ್ ಇದೆ. ಅವತ್ತು ಅಡ್ಮಿರಲ್ ಶೊವೆಲ್ ಅವರ ದಳದ ನಾಲ್ಕು ಹಡಗು ಹೋದವು. ಸಮುದ್ರದ ಮಧ್ಯೆ ರೇಖಾಂಶ, ಅಂದರೆ ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಅನ್ನೋದನ್ನು, ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್ ಬಹುಮಾನ ಅಂತ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಕಾನೂನು ತಂದದ್ದರ ಹಿಂದೆ ಇಂಥ ಸಾವುಗಳ ನೆನಪೇ ಇತ್ತು. ಪೆಸಿಫಿಕ್ ಸಾಗರ ಸುತ್ತಿ ಹೆಸರಾದ ನಾವಿಕ ಜೇಮ್ಸ್ ಕುಕ್ 1755ರಲ್ಲಿ ನೌಕಾಪಡೆಗೆ ಸೇರಿ ಮೊದಲು ಹತ್ತಿದ ಹಡಗೂ ಒಂದು ಈಗಲ್ಲೇ. ಇವೆರಡನ್ನೂ ಬಿಟ್ಟೆ. ಷಷ್ಟಿಪೂರ್ತಿ ಮನೆಗೆ ಬಂಡೆಗೆ ಬಡಿದ ಹಡಗು ಬೇಡ ಅನಿಸಿತು. ಕುಕ್ ಹತ್ತಿದ ಹಡಗಿನ ಒಳ್ಳೆಯ ಚಿತ್ರ ಕೈಗೆ ಸಿಗಲಿಲ್ಲ.

ಮೊದಲನೆಯ ಹಲಗೆ 1774ರಲ್ಲಿ ನೀರಿಗಿಳಿದ ಈಗಲ್. 64 ಫಿರಂಗಿಯ ಹಡಗು, ಮೂರು ಹಾಯಿಕಂಬ, ಪಕ್ಕದಲ್ಲಿ ಎರಡು ಸಾಲು ಫಿರಂಗಿ ಕಿಂಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇದು ಬ್ರಿಟಿಷ್ ಅಡ್ಮಿರಲ್ ಹೌ ಅವರ ಮುಖ್ಯ ನೌಕೆ. 1776ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಯಾರ್ಕ್ ಬಂದರಿನಲ್ಲಿ ನಿಂತಿದ್ದಾಗ ಎಜ್ರಾ ಲೀ ಅನ್ನೋ ಅಮೆರಿಕದ ಸಾರ್ಜೆಂಟ್ ‘ಟರ್ಟಲ್’ ಅನ್ನೋ ಪುಟ್ಟ ಜಲಾಂತರ್ಗಾಮಿಯಲ್ಲಿ ಒಬ್ಬನೇ ಕೂತು, ಕೈಯಲ್ಲೇ ಹಿಡಿಕೆ ತಿರುಗಿಸಿಕೊಂಡು ಇದರ ತಳಕ್ಕೆ ಬಂದ. ಡೇವಿಡ್ ಬುಷ್ನೆಲ್ ಕಟ್ಟಿದ ಮರದ ಯಂತ್ರ ಅದು. ತಳಕ್ಕೆ ತಿರುಪು ಕೊರೆದು ಸಿಡಿಮದ್ದು ಸಿಕ್ಕಿಸಬೇಕಿತ್ತು, ತಿರುಪು ಕಚ್ಚಲಿಲ್ಲ, ವಾಪಸ್ ಹೋದ. ಯುದ್ಧದಲ್ಲಿ ಜಲಾಂತರ್ಗಾಮಿ ಒಂದು ಹಡಗಿನ ಮೇಲೆ ಏರಿ ಹೋದ ಮೊದಲ ಸಲ ಅಂತ ಇದನ್ನೇ ಹೇಳುತ್ತಾರೆ.

ನಾನು ಈ ಹಡಗನ್ನು ಆರಿಸಿದ್ದಕ್ಕೆ ಕಾರಣ ಬೇರೆ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಇದೇ ಈಗಲ್ ನಮ್ಮ ಕಡಲಿಗೆ ಬಂತು. ಎರಡನೇ ಮೈಸೂರು ಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ಅಡ್ಮಿರಲ್ ಸರ್ ಎಡ್ವರ್ಡ್ ಹ್ಯೂಸ್ ದಳದಲ್ಲಿ ಇದೂ ಒಂದು, ಎದುರಿಗೆ ಹೈದರಾಲಿಯ ಜೊತೆ ಕೈಜೋಡಿಸಿದ ಫ್ರೆಂಚ್ ಅಡ್ಮಿರಲ್ ಸಫ್ರೆನ್. 1782ರ ಫೆಬ್ರವರಿಯಲ್ಲಿ ಮದ್ರಾಸಿನ ದಕ್ಷಿಣಕ್ಕೆ ಸದ್ರಾಸ್ ಹತ್ತಿರ ಶುರುವಾದ ಇವರಿಬ್ಬರ ಜಟಾಪಟಿ ನಾಗಪಟ್ಟಣ, ಟ್ರಿಂಕೋಮಲಿ ಎಲ್ಲ ಸುತ್ತಿ 1783ರ ಜೂನ್‌ನಲ್ಲಿ ಕಡಲೂರಿನ ಎದುರು ಮುಗಿಯಿತು. ಮಧ್ಯೆ, 1782ರ ಜುಲೈನಲ್ಲಿ, ಸಫ್ರೆನ್ ಕಡಲೂರಿನ ಹತ್ತಿರ ಹೈದರನನ್ನು ಮುಖಾಮುಖಿ ಭೇಟಿಯಾದ. ಅದೇ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ನಾವೆಲ್ಲ ಸ್ಕೂಲ್ ಟೂರಿನಲ್ಲಿ ನೋಡಿದ್ದೇವೆ, ಕುದುರೆ, ಆನೆ, ಫಿರಂಗಿ ಎಲ್ಲ ಇದೆ. ಇದೇ ಯುದ್ಧ ಕಡಲ ಮೇಲೂ ನಡೆಯಿತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹೈದರ್ ಮಂಗಳೂರಿನಲ್ಲಿ ಹಡಗು ಕಟ್ಟಿಸಿದ್ದ, 1780ರ ಡಿಸೆಂಬರಿನಲ್ಲಿ ಅವುಗಳನ್ನು ಹಾಳು ಮಾಡಿದ್ದೂ ಇದೇ ಹ್ಯೂಸ್. ಈ ಭಾಗ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಬರಲಿಲ್ಲ ಅನ್ನೋ ಬೇಜಾರು ನನಗೆ ಇವತ್ತಿಗೂ ಇದೆ.

ಇದನ್ನೆಲ್ಲ ಭಾಯ್‌ಗೆ ಹೇಳಿದೆ. ಕೈಯಲ್ಲಿದ್ದ ಗರಗಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

“ಹಂಗಾದ್ರೆ ಇದು ನಮ್ಮವರ ವಿರುದ್ಧ ಬಂದಿದ್ದ ಹಡಗಾ ಸರ್?”

“ಹೌದು ಭಾಯ್.”

“ಹಂಗಿದ್ರೆ ಎದುರುಗಡೆಯವರ ಹಡಗೂ ಕಾಣಿಸ್ಬೇಕಲ್ವಾ? ಒಂದೇ ಹಡಗು ಸುಮ್ನೆ ನಿಂತಿದ್ರೆ ಯುದ್ಧ ಅಂತ ಹೆಂಗೆ ಗೊತ್ತಾಗುತ್ತೆ?”

ನಾನು ಕೊಟ್ಟ ಚಿತ್ರದಲ್ಲಿ ಅದು ಇರಲಿಲ್ಲ. ಅವರೇ ದೂರದ ನೀರಿನ ಗೆರೆ ಮೇಲೆ ಮೂರು ಪುಟ್ಟ ಹಾಯಿ ಹಡಗು ಕೂರಿಸಿದರು, ಒಂದೊಂದೂ ಉಗುರಿನಷ್ಟು. ಸಂಪಿಗೆ ಮರದಲ್ಲಿ ಮಾಡಿದ್ದರಿಂದ ಮಸುಕಾಗಿ, ನಿಜವಾಗಿಯೂ ದೂರದಲ್ಲಿರುವ ಹಾಗೆ ಕಾಣುತ್ತವೆ. ಸಫ್ರೆನ್ ದಳ. ಈ ನಾಲ್ಕು ಹಲಗೆಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದೇ. ಬರೀ ಕೊಟ್ಟದ್ದನ್ನು ಕತ್ತರಿಸಿ ಅಂಟಿಸುವವರಾಗಿದ್ದರೆ ಅದು ಬರುತ್ತಲೇ ಇರಲಿಲ್ಲ.

ಕೆಲಸ ನಡೆಯುವ ರೀತಿ ಹೇಳಬೇಕು, ಯಾಕೆಂದರೆ ಬೆಲೆ ಕೇಳಿ ಗಾಬರಿಯಾಗುವವರು ಇದನ್ನೊಮ್ಮೆ ನೋಡಬೇಕು. ಮೊದಲು ಕಾಗದದ ಮೇಲೆ ಪೂರ್ತಿ ಚಿತ್ರ. ಅದರಿಂದ ಒಂದೊಂದು ಭಾಗವನ್ನು ಬೇರೆ ಬೇರೆ ಮರದ ತೆಳು ಹಾಳೆಗೆ ಇಳಿಸಿ, ದಾರದಷ್ಟು ಸಣ್ಣ ಗರಗಸದಲ್ಲಿ ಕತ್ತರಿಸುತ್ತಾರೆ. ತುಂಡುಗಳನ್ನು ಬೀಟೆ ಹಲಗೆ ಮೇಲಿಟ್ಟು ಸುತ್ತ ಗೆರೆ ಗೀರಿ, ಆ ಗೆರೆಯೊಳಗಿನ ಮರವನ್ನು ಉಳಿಯಿಂದ ತೆಗೆದು ಗುಳಿ ಮಾಡುತ್ತಾರೆ. ಗುಳಿಗೆ ಅಂಟು ಹಾಕಿ ತುಂಡು ಕೂರಿಸಿ, ಒಣಗಿದ ಮೇಲೆ ಎಲ್ಲ ಒಂದೇ ಸಮ ಆಗುವವರೆಗೆ ಉಜ್ಜುತ್ತಾರೆ. ಹಡಗಿನ ಹಗ್ಗಗಳಿಗೆ ಮರ ಕತ್ತರಿಸಲು ಆಗುವುದಿಲ್ಲ, ಅದಕ್ಕೆ ಸೂಜಿ ಮೊನೆಯಲ್ಲಿ ಗೀರಿ ಗೀರಿನೊಳಗೆ ಬಣ್ಣ ತುಂಬಿ ಒರೆಸುತ್ತಾರೆ. ಕೊನೆಗೆ ಪಾಲಿಶ್. ಬೆರಳಾಡಿಸಿದರೆ ಹಾಯಿ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಇವರ ಕೆಲಸದಲ್ಲಿ ಗೊತ್ತಾಗುವುದಿಲ್ಲ.

ಇದೇ ಹಲಗೆಯಲ್ಲಿ ಬಾವುಟದ ಒಂದು ಸಮಸ್ಯೆ ಬಂತು. ಹಿಂಬದಿಯ ಬಾವುಟ ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅದರ ಮೂಲೆಯಲ್ಲಿ ಬ್ರಿಟಿಷ್ ಶಿಲುಬೆಗಳು. ಹುಡುಗನೊಬ್ಬ ಫೋನಿನಲ್ಲಿ ಈಗಿನ ಬಾವುಟ ನೋಡಿ ಕತ್ತರಿಸಿದ್ದ. ಅದರಲ್ಲಿ ಓರೆಯಾಗಿ ಕೆಂಪು ಪಟ್ಟಿ ಇದೆ, ಅದು ಐರ್ಲೆಂಡಿನ ಗುರುತು, ಸೇರಿದ್ದು 1801ರಲ್ಲಿ. ಸಫ್ರೆನ್ ಎದುರು ನಿಂತ ಹಡಗಿನ ಮೇಲೆ ಅದು ಇರಲು ಸಾಧ್ಯವೇ ಇಲ್ಲ. ಹೇಳಿದಾಗ ಹುಡುಗ “ಇಷ್ಟು ಚಿಕ್ಕದು ಯಾರು ನೋಡ್ತಾರೆ ಸರ್” ಅಂದ. ಭಾಯ್ ಮಾತಾಡದೆ ಅಂಟು ಬಿಸಿ ಮಾಡಿ ಆ ತುಂಡು ಎಬ್ಬಿಸಿ ತೆಗೆದು ಹೊಸದಾಗಿ ಕೂರಿಸಿದರು. ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ನಾನು ಈ ಜಾಗವನ್ನು ಹತ್ತು ಜನಕ್ಕೆ ಹೇಳುತ್ತಿರುವುದಕ್ಕೆ ಇದೊಂದೇ ಸಾಕು.

ಇನ್ನೊಂದು ಒಳ್ಳೆಯ ಹಲಗೆ ಅಮೆರಿಕದ ಕೋಸ್ಟ್ ಗಾರ್ಡಿನ ಈಗಲ್. ಇದು ಇವತ್ತಿಗೂ ತೇಲುತ್ತಿರುವ ಹಾಯಿ ಹಡಗು, ಕೆಡೆಟ್‌ಗಳಿಗೆ ತರಬೇತಿ ಕೊಡಲು ಇಟ್ಟುಕೊಂಡಿದ್ದಾರೆ. ಹುಟ್ಟಿದ್ದು ಮಾತ್ರ ಜರ್ಮನಿಯ ಹ್ಯಾಂಬರ್ಗಿನಲ್ಲಿ, 1936ರಲ್ಲಿ, ನಾಜಿಗಳ ಕಾಲದಲ್ಲಿ, ಹೋರ್ಸ್ಟ್ ವೆಸೆಲ್ ಅನ್ನೋ ಹೆಸರಿನಲ್ಲಿ. ಯುದ್ಧ ಸೋತ ಮೇಲೆ ಪರಿಹಾರದ ಲೆಕ್ಕದಲ್ಲಿ 1946ರಲ್ಲಿ ಅಮೆರಿಕದ ಕೈಗೆ ಬಂತು. ಆ ಕೆಟ್ಟ ಹೆಸರು ಹೋಗಿ ಈಗಲ್ ಆಯಿತು. 295 ಅಡಿ ಉದ್ದ, ಬಿಳಿ ಮೈ, ಮುಂಭಾಗದಲ್ಲಿ ಚಿನ್ನದ ಬಣ್ಣದ ಹದ್ದಿನ ಗೊಂಬೆ.

ಇಲ್ಲಿ ನೋಡಬೇಕಾದದ್ದು ಹಾಯಿ. ಇದು ಬಾರ್ಕ್ ಜಾತಿಯ ಹಡಗು. ಮೂರು ಕಂಬ ಇದ್ದರೂ ಮುಂದಿನ ಎರಡಕ್ಕೆ ಮಾತ್ರ ಅಡ್ಡ ಹಾಯಿ, ಹಿಂದಿನ ಕಂಬಕ್ಕೆ ಹಡಗಿನ ಉದ್ದಕ್ಕೆ ಕಟ್ಟುವ ಹಾಯಿ. ಭಾಯ್ ಮೊದಲು ಹಾಕಿದ ಪೆನ್ಸಿಲ್ ಚಿತ್ರದಲ್ಲಿ ಮೂರಕ್ಕೂ ಅಡ್ಡ ಹಾಯಿ ಇತ್ತು, ಯಾಕೆಂದರೆ ಮೊದಲ ಹಲಗೆಯ ಅಚ್ಚನ್ನೇ ಇಟ್ಟುಕೊಂಡು ಶುರು ಮಾಡಿದ್ದರು. “ಹೆಸರು ಅದೇ ಅಲ್ವಾ ಸರ್, ಅದೇ ಥರದ್ದು ಅಂದ್ಕೊಂಡೆ” ಅಂದರು. ಅದು ಸಹಜವೇ. ಹೆಸರು ಒಂದೇ ಆದ್ದರಿಂದ ಹಡಗೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ನೋಡಿ, ಒಂದು ಫಿರಂಗಿ ಹಡಗು, ಒಂದು ತರಬೇತಿ ಹಡಗು, ಎರಡು ವಿಮಾನವಾಹಕ, ದೇಶವೂ ಬೇರೆ, ಕಾಲವೂ ಬೇರೆ. ಹೀಗಾಗಿ ಒಂದೊಂದು ಹಡಗಿಗೂ ಬೇರೆ ಬೇರೆ ಫೋಟೋ ಪ್ರಿಂಟ್ ಹಾಕಿಸಿ, ಯಾವುದು ತಪ್ಪಬಾರದು ಅಂತ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕೊಡಿ. ಫೋನಿನಲ್ಲಿ ತೋರಿಸಿದರೆ ಸಾಲದು. ಗುರುತು ಮಾಡಿ ಕೊಟ್ಟ ಮೇಲೆ ಬಂದ ಹಲಗೆ ನೋಡಿದರೆ ಕಣ್ಣು ತಂಪಾಗುತ್ತದೆ. ಬಿಳಿ ಮೈಗೆ ಪ್ಲಾಸ್ಟಿಕ್ ಬೇಡ ಅಂದಿದ್ದೆ, ಬಿಳಿಚು ಮರವನ್ನೇ ಹಾಕಿದ್ದಾರೆ. ಆ ಮರದ ಎಳೆ ಹಡಗಿನ ಉದ್ದಕ್ಕೆ ಓಡುವ ಹಾಗೆ ಕತ್ತರಿಸಿರುವುದರಿಂದ ಹಲಗೆ ಜೋಡಿಸಿ ಕಟ್ಟಿದ ಹಡಗಿನಂತೆಯೇ ಕಾಣುತ್ತದೆ. ನಿಜವಾದ ಈಗಲ್ ಉಕ್ಕಿನದು. ಆದರೂ ಇದನ್ನು ಬದಲಿಸಿ ಅಂತ ಹೇಳಲು ಮನಸ್ಸು ಬರಲಿಲ್ಲ.

ಈಗ ಸಮಾಧಾನ ತರದ ಹಲಗೆಗೆ ಬರುತ್ತೇನೆ. ಇದು 1918ರಲ್ಲಿ ನೀರಿಗಿಳಿದ ಈಗಲ್, ವಿಮಾನವಾಹಕ ನೌಕೆ. ಇದರ ಕಥೆ ದೊಡ್ಡದು. 1913ರಲ್ಲಿ ಇಂಗ್ಲೆಂಡಿನಲ್ಲಿ ಚಿಲಿ ದೇಶಕ್ಕೋಸ್ಕರ ಅಲ್ಮಿರಾಂಟೆ ಕೊಕ್ರೇನ್ ಅನ್ನೋ ಯುದ್ಧನೌಕೆಯಾಗಿ ಕಟ್ಟಲು ಶುರು ಮಾಡಿದರು. ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು, ಬ್ರಿಟನ್ ಅದನ್ನು ಕೊಂಡುಕೊಂಡು ಮೇಲೆ ಚಪ್ಪಟೆ ಡೆಕ್ ಹಾಕಿ ವಿಮಾನವಾಹಕ ಮಾಡಿತು. ಎರಡನೇ ಯುದ್ಧದಲ್ಲಿ ಇದರ ಸ್ವೋರ್ಡ್‌ಫಿಶ್ ವಿಮಾನಗಳು ಕೆಂಪು ಸಮುದ್ರದಲ್ಲಿ ಇಟಲಿಯ ಹಡಗು ಮುಳುಗಿಸಿದವು. 1942ರಲ್ಲಿ ಹಸಿವಿನಿಂದ, ಬಾಂಬಿನಿಂದ ಒದ್ದಾಡುತ್ತಿದ್ದ ಮಾಲ್ಟಾ ದ್ವೀಪಕ್ಕೆ ಸ್ಪಿಟ್‌ಫೈರ್ ವಿಮಾನಗಳನ್ನು ಮತ್ತೆ ಮತ್ತೆ ಮುಟ್ಟಿಸಿದ್ದು ಇದೇ. ಅದೇ ವರ್ಷ ಆಗಸ್ಟ್ 11ರಂದು ಮಾಲ್ಟಾಕ್ಕೆ ಹೊರಟ ಪೆಡೆಸ್ಟಲ್ ಅನ್ನೋ ದೊಡ್ಡ ಬೆಂಗಾವಲು ಪಯಣದಲ್ಲಿ ಜರ್ಮನ್ ಜಲಾಂತರ್ಗಾಮಿ ಯು-73 ನಾಲ್ಕು ಟಾರ್ಪೆಡೊ ಹೊಡೆಯಿತು. ಹತ್ತು ನಿಮಿಷವೂ ಆಗಲಿಲ್ಲ, ಮುಳುಗಿಹೋಯಿತು. 131 ಜನ ಸತ್ತರು.

ಇಂಥ ಹಡಗು ಹಲಗೆ ಮೇಲೆ ಸಪ್ಪೆಯಾಗಿ ಬಂದಿದೆ ಅನ್ನೋದೇ ನನ್ನ ಸಂಕಟ. ತಪ್ಪು ಕೈಕೆಲಸದ್ದಲ್ಲ, ಬಣ್ಣದ್ದು. ಹಡಗು ಬೂದು ಬಣ್ಣದ್ದು, ಬೂದು ಬಣ್ಣದ ಮರ ಇಲ್ಲ. ಪಕ್ಕದಿಂದ ನೋಡಿದರೆ ಉದ್ದಕ್ಕೆ ಒಂದೇ ಗೋಡೆ ಥರ ಮೈ, ಅದರ ಮೇಲೆ ಕಟ್ಟಡದಂಥ ಭಾಗ, ಎರಡು ಹೊಗೆಕೊಳವೆ, ಮೂರು ಕಾಲಿನ ಕಂಬ. ಆ ಎರಡು ಹೊಗೆಕೊಳವೆಯೇ ಈ ಈಗಲ್‌ನ ಗುರುತು. ಕಂದು ಮರದಲ್ಲಿ ಮಾಡಿದ ಕೊಳವೆ ಕಪ್ಪು ಬೀಟೆಯ ಮೇಲೆ ಕಾಣಿಸುವುದೇ ಇಲ್ಲ, ಬೆಳಕಿಗೆ ಓರೆ ಮಾಡಿ ಹಿಡಿದರೆ ಮಾತ್ರ ತಿಳಿಯುತ್ತದೆ. ಹಿಂದೆ ಆಕಾಶಕ್ಕೆ ಹಲಸು ಹಾಕಿ ಅಂತ ಕೇಳಿದೆ. ಅಷ್ಟು ದೊಡ್ಡ ತುಂಡು ಹಾಕಿದರೆ ಮಳೆಗಾಲದಲ್ಲಿ ಎದ್ದುಬಿಡುತ್ತದೆ ಅಂದರು, ಅದನ್ನು ಒಪ್ಪಲೇಬೇಕು. ಆದರೆ ಶುರುವಿನಲ್ಲೇ ‘ಈ ಹಡಗು ನಮ್ಮ ಕೆಲಸಕ್ಕೆ ಹೊಂದಲ್ಲ’ ಅಂತ ಹೇಳಬಹುದಿತ್ತು. ಅವರಿಗೆ ಗೊತ್ತಿತ್ತು ಅಂತ ಆಮೇಲೆ ಮಾತಿನಲ್ಲಿ ತಿಳಿಯಿತು. ಗಿರಾಕಿಗೆ ಇಲ್ಲ ಅನ್ನಬಾರದು ಅನ್ನೋ ಮರ್ಯಾದೆಗೆ ಸುಮ್ಮನಿದ್ದರು. ನೀವು ಹೋದಾಗ ನೇರವಾಗಿ ಕೇಳಿ, ‘ಇದು ಎದ್ದು ಕಾಣುತ್ತಾ, ಇಲ್ವಾ’ ಅಂತ. ಕೇಳಿದರೆ ನಿಜ ಹೇಳುತ್ತಾರೆ.

ನಾಲ್ಕನೆಯದು 1951ರಲ್ಲಿ ಸೇವೆಗೆ ಬಂದ ಈಗಲ್. ಇದಕ್ಕೆ ಮೊದಲಿಟ್ಟಿದ್ದ ಹೆಸರು ಆಡೇಶಿಯಸ್, ಬೆಲ್‌ಫಾಸ್ಟಿನಲ್ಲಿ ಕಟ್ಟುತ್ತಿದ್ದಾಗಲೇ ಬದಲಾಯಿತು. 1956ರಲ್ಲಿ ಈಜಿಪ್ಟಿನ ಮೇಲೆ ನಡೆದ ಸೂಯೆಜ್ ದಾಳಿಯಲ್ಲಿ ಇತ್ತು, 1972ರಲ್ಲಿ ನಿವೃತ್ತಿ. ಹಿಂದಿನ ವಿಮಾನವಾಹಕ ಸಪ್ಪೆಯಾದದ್ದು ನೋಡಿ ಇದನ್ನು ಮೇಲಿನಿಂದ ನೋಡಿದ ಹಾಗೆ ಮಾಡಿಸಿದೆ. ಓರೆಯಾದ ರನ್‌ವೇ, ಅದರ ಬಿಳಿ ಗೆರೆಗಳು, ಸಾಲಾಗಿ ನಿಂತ ಪುಟ್ಟ ವಿಮಾನಗಳು ಕಪ್ಪು ಬೀಟೆ ಮೇಲೆ ಚೆನ್ನಾಗಿ ಎದ್ದು ಬಂದಿವೆ. ವಿಮಾನವಾಹಕ ಮಾಡಿಸುವುದಾದರೆ ಹೀಗೇ ಮಾಡಿಸಿ.

ಅಂಚಿನ ವಿನ್ಯಾಸದ ಬಗ್ಗೆಯೂ ಹೇಳಬೇಕು. ಹದ್ದಿನ ಹೆಸರಿನ ಹಡಗು ಅಂತ ಕೇಳಿ ಭಾಯ್ ನಾಲ್ಕು ಮೂಲೆಗೂ ಗಂಡಭೇರುಂಡ ಹಾಕೋಣ ಅಂದರು. ಅಚ್ಚು ರೆಡಿ ಇದೆ, ನೋಡೋಕೂ ಲಕ್ಷಣವಾಗಿರುತ್ತೆ ಅಂತ. ಲಕ್ಷಣವಾಗಿ ಇರುತ್ತಿತ್ತು, ಅದು ನಿಜ. ಆದರೆ ಅದು ನಮ್ಮ ಮೈಸೂರು ಅರಸರ ಲಾಂಛನ, ಬೇರೆ ದೇಶದ ಹಡಗಿನ ಸುತ್ತ ಅದು ಬರುವುದು ನನಗೆ ಸರಿ ಕಾಣಲಿಲ್ಲ. ಬರೀ ಹಗ್ಗದ ಹೆಣಿಗೆಯ ಅಂಚು ಹಾಕಿಸಿದೆ. ಭಾಯ್ ಬೇಜಾರು ಮಾಡಿಕೊಳ್ಳಲಿಲ್ಲ, ಹೆಣಿಗೆಯ ಅಂಚನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದರು.

ಬೆಲೆ ಒಂದಕ್ಕೆ 12,000 ರೂಪಾಯಿ. ಅರ್ಧ ಮುಂಗಡ. ರೆಡಿ ಹಲಗೆಗಿಂತ ಜಾಸ್ತಿ, ಆದರೆ ಹೊಸ ಚಿತ್ರಕ್ಕೆ ಹೊಸ ಅಚ್ಚು, ಹೊಸ ಲೆಕ್ಕ, ನನಗೆ ನ್ಯಾಯವಾಗಿಯೇ ಕಂಡಿತು. ಚೌಕಾಶಿ ಮಾಡಲಿಲ್ಲ, ನೀವೂ ಮಾಡಬೇಡಿ. ಗರಗಸ ಹಿಡಿಯಲು ಹೊಸ ಹುಡುಗರು ಬರುತ್ತಿಲ್ಲ ಅಂತ ಅವರು ಹೇಳಿದ್ದು ಸುಳ್ಳಲ್ಲ, ಆ ವರ್ಕ್‌ಶಾಪಿನಲ್ಲಿ ಕೂತರೆ ಕಣ್ಣಿಗೇ ಕಾಣುತ್ತದೆ.

ಸಮಯದ ವಿಷಯದಲ್ಲಿ ಮಾತ್ರ ನಂಬಬೇಡಿ. ದಸರಾಕ್ಕೆ ಮೊದಲೇ ನಾಲ್ಕೂ ಕೊಡುತ್ತೇವೆ ಅಂದಿದ್ದರು, ದೀಪಾವಳಿ ಕಳೆಯಿತು. ಷಷ್ಟಿಪೂರ್ತಿಗೆ ಸಿಕ್ಕಿದ್ದು ಎರಡೇ, ಉಳಿದವನ್ನು ಆಮೇಲೆ ತಲುಪಿಸಿದೆ. ದಸರಾ ಸೀಸನ್ನಿನಲ್ಲಿ ಟೂರಿಸ್ಟ್ ಆರ್ಡರ್ ಬಂದರೆ ನಮ್ಮದು ಮೂಲೆಗೆ ಹೋಗುತ್ತದೆ. ಯುಗಾದಿ ಆದ ಮೇಲೆ ಆರ್ಡರ್ ಕೊಟ್ಟು, ಆಷಾಢದಲ್ಲಿ ಒಂದು ಸಲ ಹೋಗಿ ನೋಡಿಬನ್ನಿ. ಫೋನ್ ಮಾಡಿದರೆ ‘ಆಗ್ತಾ ಇದೆ’ ಅನ್ನೋ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಆ ಹೊತ್ತಿಗೆ ಹೋಗಬೇಡಿ.

ಗಾಜಿನ ಚೌಕಟ್ಟು ಬೇರೆ ಕಡೆ ಹಾಕಿಸಬೇಡಿ. ನಾನು ಒಂದನ್ನು ಬೇರೆ ಅಂಗಡಿಯಲ್ಲಿ ಹಾಕಿಸಿದೆ. ಅವರು ಹಲಗೆಯ ಹಿಂಬದಿಗೆ ಮೊಳೆ ಹೊಡೆದು, ಬಾರ್ಕ್‌ನ ಹಿಂದಿನ ಕಂಬದ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಇನ್ಲೇಗೆ ಗಾಜು ಬೇಕಾಗಿಯೂ ಇಲ್ಲ. ಬಿಸಿಲು ನೇರ ಬೀಳದ ಗೋಡೆ, ವರ್ಷಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ ಮೇಲೆ ಸ್ವಲ್ಪ ಪಾಲಿಶ್, ಅಷ್ಟು ಸಾಕು ಅಂತ ಭಾಯ್ ಹೇಳಿದ್ದಾರೆ. ಬಿರುಕು ಬಿಟ್ಟದ್ದನ್ನು ತಂದುಕೊಡಿ, ಮರದ ಪುಡಿ ಅಂಟು ಕಲಸಿ ತುಂಬಿಕೊಡುತ್ತೇನೆ ಅಂದಿದ್ದಾರೆ, ಮುಂದಿನ ವಾರ ತೆಗೆದುಕೊಂಡು ಹೋಗುತ್ತಿದ್ದೇನೆ. ಬೀಟೆ ಮರದ ಸಾಮಾನು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳುವುದನ್ನು ಮರೆಯಬೇಡಿ, ಊರು ಬಿಟ್ಟು ಸಾಗಿಸುವಾಗ ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.